ತುಟಿಮಾತು

ಎಪ್ಪತ್ತರ ದಶಕದ ಕೊನೆಯ ಆ ದಿನಗಳಲ್ಲಿ, ಮಹಾರಾಷ್ಟ್ರದ ಇಚಲಕರಂಜಿಯ ನಮ್ಮ ಓಣಿಯಲ್ಲಿ ಮಗ್ಗಗಳ ಸದ್ದು ನಿಂತರೆ ಮಲಗಿದ್ದ ಕೂಸುಗಳು ಎದ್ದು ಅಳುತ್ತಿದ್ದವು. ಅಪ್ಪ ಒಂದು ಶೆಡ್ಡಿನಲ್ಲಿ ನಾಲ್ಕು ಕರೆಂಟಿನ ಮಗ್ಗ ನೋಡಿಕೊಳ್ಳುತ್ತಿದ್ದ. ಅವ್ವ ಅಲ್ಲೇ ಲಾಳಿಗೆ ಹಾಕುವ ಕಾಂಡಿಗಳಿಗೆ ನೂಲು ಸುತ್ತುತ್ತಿದ್ದಳು. ಮನೆಯಲ್ಲೂ ನೂಲಿಗೆ ಹಾಕುವ ಗಂಜಿ, ಮಗ್ಗದ ಎಣ್ಣೆಯ ವಾಸನೆ. ರೊಟ್ಟಿಯಲ್ಲಿ ಹತ್ತಿಯ ಎಳೆ ಸಿಕ್ಕರೆ ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ಆ ಗದ್ದಲದಲ್ಲಿ ಎಷ್ಟು ಕೂಗಿದರೂ ಕೇಳದು. ಅದಕ್ಕೆ ಶೆಡ್ಡಿನವರೆಲ್ಲ ದನಿಯಿಲ್ಲದೆ ಬರೀ ತುಟಿ ಆಡಿಸಿ ಮಾತಾಡುತ್ತಿದ್ದರು. ಮಕ್ಕಳಾದ ನಮಗೆ ಅದೇ ಆಟ. ಒಬ್ಬರು ತುಟಿ ಆಡಿಸಬೇಕು, ಉಳಿದವರು ಓದಬೇಕು, ತಪ್ಪಿದವರು ಮುಷ್ಟಿ ತುಂಬ ಹುರಿದ ಶೇಂಗಾ ಕೊಡಬೇಕು. ಅಕ್ಕ ಶಾಂತಾಗೆ ಹದಿಮೂರು, ನನಗೆ ಒಂಬತ್ತು. ನಮ್ಮಿಬ್ಬರನ್ನು ಸೋಲಿಸುವ ಗಂಡು ಓಣಿಯಲ್ಲಿ ಹುಟ್ಟಿರಲಿಲ್ಲ.

ಆ ಬೇಸಿಗೆಯ ಸೂಟಿಯಲ್ಲಿ ಅಕ್ಕ ಕಟ್ಟೆಯ ಮೇಲೆ ಒಬ್ಬಳೇ ಕೂತು ತುಟಿ ಆಡಿಸತೊಡಗಿದಳು. ಬೇರೆ ಊರಲ್ಲಾಗಿದ್ದರೆ ಮೊದಲ ದಿನವೇ ಯಾರಾದರೂ ಹೌಹಾರುತ್ತಿದ್ದರು. ನಮ್ಮಲ್ಲಿ, ಎದುರಿನ ಶೆಡ್ಡಿನ ಕಿಟಕಿಯಲ್ಲಿ ಯಾರೋ ಗೆಳತಿ ಇರಬೇಕೆಂದು ಎಲ್ಲರೂ ಸುಮ್ಮನಿದ್ದರು. ಅಕ್ಕ ಊಟ ಬಿಟ್ಟಳು, ತಲೆ ಬಾಚುವುದನ್ನೂ ಬಿಟ್ಟಳು.

"ಬಿಸಲಿಗಿ ಹಂಗ ಆಗತೈತಿ," ಎಂದು ಅವ್ವ ಮಜ್ಜಿಗೆ ಕುಡಿಸಿದಳು.

ಅಕ್ಕನ ತುಟಿಯನ್ನು ನಾನೊಬ್ಬಳು ಓದಿದೆ: "ನಾ ಬಾವಿಗೆ ಬರಾಂಗಿಲ್ಲ."

"ಯಾರಿಗಿ ಹೇಳಾಕತ್ತಿ, ಅಕ್ಕಾ?"

"ಮಗ್ಗದ ಸಪ್ಪಳದಾಗ ಒಬ್ಬಾಕಿ ಅದಾಳ. ದಿನಾ ಕರೀತಾಳ. ಅವ್ವಗ ಹೇಳಬ್ಯಾಡ, ಆಣಿ ಮಾಡು."

ಆಣೆ ಮಾಡಿದೆ. ಹೆದರಿಕೆಯಾಗಿತ್ತು. ಆದರೆ ಅಕ್ಕನ ಗುಟ್ಟು ನನ್ನೊಬ್ಬಳ ಹತ್ತಿರ ಇದೆಯೆಂಬ ಜಂಬವೂ ಇತ್ತು.

ಒಂದು ಮಧ್ಯಾಹ್ನ ಅವಳ ತುಟಿ ಬೇರೆ ಮಾತಾಡಿತು: "ಆತು, ಬರತೀನಿ."

ನಾನು ಬರಿಗಾಲಲ್ಲಿ ಶೆಡ್ಡಿಗೆ ಓಡಿದೆ. ಮಗ್ಗಗಳ ನಡುವೆ ನಿಂತು ತುಟಿಯಲ್ಲೇ ಅವ್ವನಿಗೆ ಎಲ್ಲವನ್ನೂ ಹೇಳಿದೆ. ಕಾಂಡಿಯ ಬುಟ್ಟಿ ಚೆಲ್ಲಿ ಅವ್ವ ಓಡಿದಳು. ಅಕ್ಕ ಬಾವಿಯ ದಾರಿಯಲ್ಲೇ ಸಿಕ್ಕಳು. ಅವ್ವನ ತೋಳಲ್ಲಿ ಒದ್ದಾಡುತ್ತ ನನ್ನನ್ನೇ ನೋಡುತ್ತಿದ್ದಳು.

ಮರುದಿನ ಬಸ್ಸು ಹತ್ತಿ ಕೊಲ್ಲಾಪುರದ ದೊಡ್ಡ ದವಾಖಾನೆಗೆ ಹೋದೆವು. ಡಾಕ್ಟರು ಬೈಯಲಿಲ್ಲ, ಸುಳ್ಳು ಎನ್ನಲೂ ಇಲ್ಲ. ಆ ದನಿ ಕೇಳಿದಾಗ ಭಯವಾಗುತ್ತದೆಯೇ ಎಂದು ಮರಾಠಿಯಲ್ಲಿ ಮೆಲ್ಲಗೆ ಕೇಳಿದರು. ಅಕ್ಕ ಗಳಗಳ ಅತ್ತಳು. ಅವಳಿಗೆ ಅದು ನಿಜವಾಗಿಯೇ ಕೇಳಿಸುತ್ತದೆ, ಇದೊಂದು ಬೇನೆ, ವಾದ ಮಾಡಬೇಡಿ, ಒಬ್ಬಳನ್ನೇ ಬಿಡಬೇಡಿ, ಗುಳಿಗೆ ತಪ್ಪಿಸಬೇಡಿ ಎಂದರು.

"ನಂದೇನರ ಚೂಕ್ ಆಗೈತೇನ್ರಿ?" ಅವ್ವ ಗಾಬರಿಯಲ್ಲಿ ಕನ್ನಡದಲ್ಲೇ ಕೇಳಿಬಿಟ್ಟಳು.

ಅಷ್ಟು ಡಾಕ್ಟರಿಗೆ ತಿಳಿಯಿತು. "ನಾಹೀ ಬಾಯಿ, ಕುಣಾಚೀಚ್ ಚೂಕ್ ನಾಹೀ." ಯಾರ ತಪ್ಪೂ ಅಲ್ಲವಂತೆ. ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಗುಳಿಗೆಗೆ ಅಕ್ಕ ಮೈ ತುಂಬಿಕೊಂಡಳು, ಕೂತಲ್ಲೇ ತೂಕಡಿಸಿದಳು. ದೀಪಾವಳಿಯ ಹೊತ್ತಿಗೆ ಆ ದನಿ ಸಣ್ಣದಾಯಿತು, ಆಮೇಲೆ ನಿಂತಿತು. ಒಂದು ವರ್ಷ ತಡವಾಗಿ ಅವಳು ಮತ್ತೆ ಶಾಲೆಗೆ ಹೋದಳು.

ಈಗ ಗಡಹಿಂಗ್ಲಜದಲ್ಲಿ ಸಂಸಾರ ಮಾಡಿಕೊಂಡು ಚೆನ್ನಾಗಿದ್ದಾಳೆ. ಹಬ್ಬಕ್ಕೆ ಕರೆಯುತ್ತಾಳೆ, ಕುಪ್ಪಸದ ಕಣ ಕೊಡುತ್ತಾಳೆ, ಬಾಯಿ ತುಂಬ ಮಾತಾಡುತ್ತಾಳೆ. ಆದರೆ ಆಣೆ ಮುರಿದ ನನ್ನೆದುರು ಮತ್ತೆ ಮನಸ್ಸು ಬಿಚ್ಚಲಿಲ್ಲ. ಮದುವೆ ಗೊತ್ತಾದಾಗ ತನಗಿದ್ದ ಅಂಜಿಕೆಯನ್ನು ಓಣಿಯ ಗೆಳತಿಗೆ ಹೇಳಿದಳು, ನನಗಲ್ಲ.

ಮತ್ತೆ ಆ ಮಧ್ಯಾಹ್ನ ಬಂದರೂ ನಾನು ಓಡಿಯೇ ಓಡುತ್ತೇನೆ. ಆದರೂ ನನಗೆ ಮಾತ್ರ ಗುಟ್ಟು ಹೇಳುತ್ತಿದ್ದ ಆ ಅಕ್ಕನನ್ನು ನೆನೆದರೆ ಈ ವಯಸ್ಸಿನಲ್ಲೂ ಅಳು ಬರುತ್ತದೆ.