ಧ್ಯಾನದ ಕೋಣೆಯಲ್ಲಿ ಹಿಡಿದ ಕೈ

ಸತ್ತವರು ಬಂದಿದ್ದರು ಎಂದು ಯಾರಾದರೂ ಹೇಳಿದರೆ ನಗುತ್ತಿದ್ದವಳು ನಾನು. ಧ್ಯಾನ, ಪ್ರಾಣಾಯಾಮದಿಂದ ಕುಡಿತ ಬಿಡಿಸುತ್ತಾರೆ ಎಂಬುದನ್ನೂ ನಂಬುತ್ತಿರಲಿಲ್ಲ. ಆದರೂ ಪೀಣ್ಯಕ್ಕೆ ಮೆಟ್ರೋ ಬಂದ ಹೊಸದರಲ್ಲಿ ನಮ್ಮ ಯಜಮಾನರನ್ನು ಜಾಲಹಳ್ಳಿ ಕಡೆಯ ಒಂದು ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದೆ. ಬೇರೆ ದಾರಿ ಉಳಿದಿರಲಿಲ್ಲ.

ಅಲ್ಲಿ ಮಾತ್ರೆಯ ಜೊತೆಗೆ ಯೋಗ, ಕೈತೋಟ, ಅಡುಗೆ ಕೆಲಸ, ಒಟ್ಟಿಗೆ ಕೂತು ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳುವುದು ಎಲ್ಲ ಇತ್ತು. ಭಾನುವಾರ ಮನೆಯವರೂ ಹೋಗಬೇಕು.

ಒಂದು ಭಾನುವಾರ ಬೆಳಿಗ್ಗೆ ಕೌನ್ಸೆಲರ್ ಮೇಡಂ ನಮ್ಮನ್ನೆಲ್ಲ ಚಾಪೆಯ ಮೇಲೆ ಕೂರಿಸಿದರು. "ಕಣ್ಮುಚ್ಚಿ, ನಿಮ್ಮವರ ಕೈ ಹಿಡ್ಕೊಳ್ಳಿ. ಕೋಪ ಬಂದ್ರೂ ಬಿಡ್ಬೇಡಿ" ಎಂದರು. ಯಜಮಾನರು ಇನ್ನೂ ಬಂದಿರಲಿಲ್ಲ. ಕಣ್ಣು ಮುಚ್ಚಿದ ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಯಾರೋ ಕೂತಂತಾಯಿತು. ಕೈ ಚಾಚಿದೆ. ಒಂದು ಒರಟು ಕೈ ಸಿಕ್ಕಿತು. ಅದರ ತೋರುಬೆರಳು, ನಡುಬೆರಳು ಅರ್ಧಕ್ಕೇ ಮುಗಿದಿದ್ದವು.

ನಮ್ಮಪ್ಪ ಪೀಣ್ಯದ ಫ್ಯಾಕ್ಟರಿಯಲ್ಲಿ ತಗಡು ಒತ್ತುವ ಪ್ರೆಸ್ ಮೆಷಿನ್ನಿಗೆ ಸಿಕ್ಕಿ ಆ ಎರಡು ಬೆರಳು ಕಳೆದುಕೊಂಡಿದ್ದರು. ಕುಡಿತ ಹೆಚ್ಚಿದ್ದು ಆಮೇಲೆ. ಮನೆಯವರು ಬೈದರು, ದೇವಸ್ಥಾನದಲ್ಲಿ ಆಣೆ ಮಾಡಿಸಿದರು, ಕೋಣೆಯಲ್ಲಿ ಕೂಡಿಹಾಕಿದರು. ಅದೊಂದು ಕಾಯಿಲೆ ಎಂಬುದು ಆಗ ನಮ್ಮ ರಾಜಗೋಪಾಲನಗರದ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ; ನಿನಗೇನಾಗಿದೆ ಎಂದು ಯಾರೂ ಕೇಳಲೂ ಇಲ್ಲ. ನನ್ನ ಮದುವೆಗೆ ಮೊದಲೇ ಅವರು ತೀರಿಕೊಂಡರು.

ನನಗೆ ಭಯವಾಗಲಿಲ್ಲ. ಆ ಹೆಬ್ಬೆರಳು ನನ್ನ ಕೈಯನ್ನು ಮೆಲ್ಲಗೆ ಸವರುತ್ತಿತ್ತು, ಚಿಕ್ಕಂದಿನಲ್ಲಿ ಜ್ವರ ಬಂದಾಗ ಅಪ್ಪ ಸವರುತ್ತಿದ್ದ ಹಾಗೆ. ಕಣ್ಣು ಬಿಟ್ಟರೆ ಹೋಗಿಬಿಡುತ್ತಾರೆ ಎನಿಸಿ ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಂಡೆ.

ಗಂಟೆ ಬಾರಿಸಿದಾಗ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಪಕ್ಕದ ಚಾಪೆಯೂ ಖಾಲಿ. ಯಜಮಾನರು ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದರು.

"ಸೊಪ್ಪು ಬಿಡಿಸ್ತಿದ್ದೆ ಕಣೇ, ಲೇಟಾಯ್ತು. ಯಾಕೆ ಅಳ್ತಿದ್ದೀಯ?"

ಪೀಣ್ಯದ ಸುತ್ತ ಬೆರಳು ಕಳೆದುಕೊಂಡವರಿಗೇನೂ ಕಡಿಮೆಯಿಲ್ಲ. ಯಾರಾದರೂ ತಪ್ಪಿ ನನ್ನ ಪಕ್ಕ ಕೂತಿರಬಹುದೆಂದು ಅಲ್ಲಿದ್ದವರ ಕೈಗಳನ್ನೆಲ್ಲ ನೋಡಿದೆ. ಅಂಥ ಕೈ ಯಾರದ್ದೂ ಇರಲಿಲ್ಲ. ಮೇಡಂ ಅವರನ್ನೂ ಕೇಳಿದೆ. "ನಿಮ್ಮ ಪಕ್ಕ ಯಾರೂ ಇರ್ಲಿಲ್ಲಮ್ಮ, ನಾನು ನೋಡ್ತಾನೇ ಇದ್ದೆ" ಎಂದರು. ಮನಸ್ಸು ಹೀಗೂ ಮಾಡುತ್ತದೆ ಎಂದು ಸಮಾಧಾನ ಹೇಳಿದರು. ಇರಬಹುದು. ಆದರೆ ಆ ಮೊಂಡು ಬೆರಳುಗಳು ನನ್ನ ಅಂಗೈಗೆ ಒತ್ತಿದ್ದು ನನಗೆ ಗೊತ್ತು.

ಯಜಮಾನರು ನಡುವೆ ಎರಡು ಸಲ ಜಾರಿದರೂ ಕೊನೆಗೆ ಕುಡಿತ ಬಿಟ್ಟರು. ಈಗ ಮನೆಯಲ್ಲಿ ನೆಮ್ಮದಿಯಿದೆ. ಅದಕ್ಕೇ ಏನೋ, ಅಪ್ಪನ ನೆನಪು ಜಾಸ್ತಿ. ಅಂದು ಬಂದದ್ದು ಯಾರು, ಯಾರಾದರೂ ಬಂದಿದ್ದರೇ, ಇವತ್ತಿಗೂ ಹೇಳಲಾರೆ. ಅಷ್ಟು ಹೊತ್ತು ಕೈ ಹಿಡಿದು ಕೂತಿದ್ದೆನಲ್ಲ, ಏನಾಗಿತ್ತಪ್ಪಾ ನಿಂಗೆ ಎಂದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.