ನಕ್ಷೆಯಲ್ಲಿ ಭರ್ತಿಯಾದ ಬಾವಿ

ಮಿರಜ ಮತ್ತು ಬೇಡಗದ ನಡುವಿನ ಬಯಲಿನಲ್ಲಿರುವ ಆ ವಿಶ್ವವಿದ್ಯಾಲಯದೊಳಗೆ ಓವರಸಿಯರ್ ಜಯಕುಮಾರನ ಮಾತಿಗೆ ಎದುರು ಮಾತಿರಲಿಲ್ಲ. ಮೂವತ್ತನಾಲ್ಕು ವರ್ಷ ಒಂದೇ ಕಡೆ ನೌಕರಿ ಮಾಡಿದ ಮನುಷ್ಯ. ಯಾವ ಪೈಪು ಎಲ್ಲಿ ತಿರುಗಿದೆ, ಯಾವ ಗೋಡೆಯೊಳಗೆ ಎಷ್ಟು ಸರಳಿದೆ ಎಂಬುದನ್ನು ಕಾಗದ ನೋಡದೆ ಹೇಳುತ್ತಿದ್ದ. ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿದವನಲ್ಲ, ಹೊತ್ತು ಮುಳುಗಿದ ಮೇಲೆ ಒಂದು ತುತ್ತು ಬಾಯಿಗಿಟ್ಟವನಲ್ಲ. ಇಂಥ ಸಭ್ಯನ ಹೊಟ್ಟೆಯಲ್ಲಿ ಒಂದು ಸುಳ್ಳು ಕೂತಿದ್ದರೆ ಅದನ್ನು ಯಾರು ಹುಡುಕುತ್ತಾರೆ? ಯಾರೂ ಹುಡುಕುವುದಿಲ್ಲ. ಸುಳ್ಳು ಸುಖವಾಗಿ ಮುದಿಯಾಗುತ್ತದೆ.

ಕ್ಯಾಂಪಸ್ಸಿನ ಹಳೆಯ ಕ್ವಾರ್ಟರ್ಸುಗಳು ಏಪ್ರಿಲ್ ಬಂತೆಂದರೆ ಬೇಕರಿಯ ಭಟ್ಟಿಗಳು. ಪಶ್ಚಿಮದ ಬಿಸಿಲಿಗೆ ಮೈಯೊಡ್ಡಿದ ತೆಳು ಗೋಡೆ, ತಲೆಯ ಮೇಲೆ ಕಾದ ಕಾಂಕ್ರೀಟು. ಕಟ್ಟಿಸಿದವರು ತಾವಂತೂ ಅಲ್ಲಿ ಮಲಗುವವರಿರಲಿಲ್ಲ! ಕೊನೆಗೆ ನೌಕರರಿಗೆಂದು ಹನ್ನೆರಡು ಹೊಸ ಮನೆ ಕಟ್ಟಬೇಕು, ಅವು ಈ ನೆಲದ ಬಿಸಿಲು ಗಾಳಿಗೆ ಒಗ್ಗುವಂತಿರಬೇಕು ಎಂದು ತೀರ್ಮಾನವಾಯಿತು. ನಕ್ಷೆ ಬರೆಯಲು ಸಾಂಗಲಿಯಿಂದ ವೃಷಾಲಿ ಬಂದಳು. ಮಣ್ಣಿನ ಇಟ್ಟಿಗೆಯ ದಪ್ಪ ಗೋಡೆ, ಪಡುವಣ ಗಾಳಿಗೆ ತೆರೆದ ಜಾಲಂಧ್ರ, ನೆಲದಡಿಯ ಪೈಪಿನಿಂದ ತಂಪು ಗಾಳಿ, ಇವು ಅವಳ ಯೋಜನೆಗಳು. ಮೊದಲು ಒಂದು ಮಾದರಿ ಮನೆ ಕಟ್ಟಿ ಪರೀಕ್ಷಿಸೋಣ ಎಂದಳು.

ಜಾಗ ಆರಿಸಲು ಅವಳು ಗುರುತು ಹಾಕಿಕೊಟ್ಟ ಒಂಬತ್ತು ಕಡೆ ಜಯಕುಮಾರ ಗುಂಡಿ ತೋಡಿ ಒಳಗೆ ಥರ್ಮಾಮೀಟರ್ ಇಳಿಸಿದ. ಎಂಟು ಕಡೆ ಒಂದೇ ಲೆಕ್ಕ. ಬೇವಿನ ಗಿಡದ ಹತ್ತಿರದ ಒಂಬತ್ತನೆಯದರಲ್ಲಿ ಮಾತ್ರ ಪಾದರಸ ಕೆಳಗೇ ಉಳಿಯಿತು.

"ಕಾಕಾ, ಬಘಾ, ನೋಡ್ರಿ! ಇಲ್ಲಿ ಮೂರು ಡಿಗ್ರಿ ಕಮ್ಮಿ ಐತಿ. ಇದೇ ಜಾಗಾ ಬೇಕ್ರಿ ನನಗ" ಎಂದು ವೃಷಾಲಿ ಕುಣಿದಾಡಿದಳು.

ಜಯಕುಮಾರ ಥರ್ಮಾಮೀಟರನ್ನು ಮೇಲೆಳೆದುಕೊಂಡ. ಆ ತಂಪು ಎಲ್ಲಿಂದ ಬರುತ್ತಿದೆ ಎಂದು ಜಗತ್ತಿನಲ್ಲಿ ಬಲ್ಲವನು ಅವನೊಬ್ಬನೇ.

ಕ್ಯಾಂಪಸ್ಸಿಗೆ ಹೋದ ಹೊಲಗಳಲ್ಲಿ ಅವನ ಮನೆತನದ ಹೊಲವೂ ಒಂದು. ಅದರಲ್ಲೊಂದು ಇಕ್ಕಟ್ಟಾದ ಬಾವಿ. ನೀರು ಸೋಸಿದ ಬಟ್ಟೆಯನ್ನು ಕಂಡಲ್ಲಿ ಝಾಡಿಸುವುದು ಜೈನರಾದ ಅವರ ಮನೆಯಲ್ಲಿ ಪಾಪ. ಬಟ್ಟೆಯಲ್ಲಿ ಉಳಿದ, ಕಣ್ಣಿಗೆ ಕಾಣದ ಜೀವಗಳನ್ನು ತಂದ ಬಾವಿಗೇ ಮೆಲ್ಲಗೆ ಮರಳಿಸಬೇಕು. ಅದಕ್ಕೆ ಜೀವಾಣಿ ಎನ್ನುತ್ತಾರೆ. ಅವನ ತಾಯಿ ನಲವತ್ತು ವರ್ಷ ತಪ್ಪದೆ ಆ ಕೆಲಸ ಮಾಡಿದ್ದಳು. ಅವನು ನೌಕರಿಗೆ ಸೇರಿದ ಎರಡನೆಯ ವರ್ಷ ಬಾವಿಗೆ ಮಣ್ಣು ತುಂಬಿಸುವ ಹುಕುಂ ಅವನ ಕೈಗೇ ಬಂತು. "ಮೀನ ಅದಾವ, ಕಪ್ಪಿ ಅದಾವ. ನನ್ನ ಕೈಯಾಗ ಉಳಿದ ಜೀವಾ ನಿನ್ನ ಕೈಯಾಗ ಸಾಯಬಾರದಪ್ಪಾ" ಎಂದು ತಾಯಿ ಅತ್ತಳು. ಅವನು ಮಣ್ಣು ತುಂಬಲಿಲ್ಲ. ಬಾಯಿಗೆ ಮೂರು ಕರಿಗಲ್ಲಿನ ಚಪ್ಪಡಿ ಹಾಸಿ, ಮೇಲೆ ಎರಡಡಿ ಮಣ್ಣೆಳೆದು, ನಕ್ಷೆಯಲ್ಲಿ "ಭರ್ತಿ" ಎಂದು ಬರೆದ. ತಾಯಿ ಅವನ ತಲೆ ನೇವರಿಸಿದಳು. ಜೀವಮಾನದಲ್ಲಿ ಅದಕ್ಕಿಂತ ದೊಡ್ಡ ಪುಣ್ಯ ಮಾಡಿಲ್ಲ ಎಂದೇ ಅವನು ನಂಬಿದ್ದ.

ಈಗ ಬಾಯಿ ಬಿಟ್ಟರೆ ವಿಚಾರಣೆ. ನಿವೃತ್ತಿಗೆ ಐದು ತಿಂಗಳಿತ್ತು. "ಅಲ್ಲಿ ಗೆದ್ದಲಿ ಭಾಳ ಅದಾವ್ರಿ, ಬ್ಯಾಡ" ಎಂದು ನೋಡಿದ. "ಗೆದ್ದಲಿ ಇದ್ದಲ್ಲಿ ತಂಪು ಇರತೈತಿ ಕಾಕಾ" ಎಂದು ಅವಳು ನಕ್ಕಳು. ಚಪ್ಪಡಿ ಆರಿಂಚು ದಪ್ಪ, ಆನೆ ನಿಂತರೂ ಜಗ್ಗದು ಎಂದು ಅವನು ತನಗೆ ತಾನೇ ಹೇಳಿಕೊಂಡ. ಪಾಯ ತೋಡುವಾಗ ಗೋಡೆಯ ಸಾಲುಗಳು ಬಾವಿಯ ಅಂಚು ತಪ್ಪಿಸಿ ಹೋಗುವಂತೆ ನಾಜೂಕಾಗಿ ದಾರ ಕಟ್ಟಿದವನೂ ಅವನೇ. ಮನೆ ಎದ್ದಿತು. ಬಾವಿಯ ಬಾಯಿ ನಡುಮನೆಯ ನಟ್ಟನಡುವೆ ಬಂತು.

ನಲವತ್ತು ದಿನ ಪರೀಕ್ಷೆಗೆಂದು ಅದರಲ್ಲಿ ಇರಲು ಒಪ್ಪಿದವಳು ಗ್ರಂಥಾಲಯದ ಅಟೆಂಡರ್ ಕಾಂಚನ. ಹತ್ತಿರದ ಆರಗ ಊರಿನವಳು. ಜೊತೆಗೆ ಅವಳ ತಾಯಿ ನೀಲಗಂಗವ್ವ, ಕಣ್ಣು ಮಂಜಾಗಿದ್ದರೂ ಕಿವಿ ಚುರುಕು. ದಿನಾ ಮಧ್ಯಾಹ್ನ ಎರಡಕ್ಕೆ ಜಯಕುಮಾರ ಉಷ್ಣತೆ ಬರೆದುಕೊಳ್ಳಲು ಹೋಗಬೇಕು. ಆ ಹೊತ್ತಿಗೆ ಕ್ಯಾಂಪಸ್ಸಿನಲ್ಲಿ ಕಾಗೆಯೂ ಕೂಗುತ್ತಿರಲಿಲ್ಲ. ಹೊರಗೆ ನಲವತ್ತೆರಡು, ಒಳಗೆ ಇಪ್ಪತ್ತೆಂಟು. ಮುಂದಿನ ವಾರ ಹೊರಗೆ ನಲವತ್ತಮೂರು, ಒಳಗೆ ಇಪ್ಪತ್ತಾರು. ಬಿಸಿಲು ಏರಿದಷ್ಟೂ ಮನೆ ತಣ್ಣಗಾಗುತ್ತಿತ್ತು. ಯಾವ ಲೆಕ್ಕಕ್ಕೂ ಸಿಗದ ತಂಪು. ವೃಷಾಲಿ ಸಂಭ್ರಮಪಟ್ಟಳು. ಅವನಿಗೆ ಮಾತ್ರ ಹೊಸ್ತಿಲು ದಾಟುವಾಗ ಕಾಲು ಹಿಂದೆಗೆಯುತ್ತಿತ್ತು.

ಒಂದು ದಿನ ಅವನು ಹೋದಾಗ ನೀಲಗಂಗವ್ವ ನಡುಮನೆಯ ಚಾಪೆಯ ಮೇಲೆ ಒಂದು ಕಿವಿ ನೆಲಕ್ಕೆ ಹಚ್ಚಿ ಮಲಗಿದ್ದಳು.

"ಬರ್ರಿ, ಕುಂದ್ರಿ. ಸಪ್ಪಳಾ ಮಾಡಬ್ಯಾಡ್ರಿ. ಕೆಳಗ ಯಾರೋ ನೀರ ಸೇದಾಕತ್ಯಾರ."

"ಯಾರದಾರ ಆಯಿ ಇಲ್ಲಿ? ನೀರೆಲ್ಲಿ ಬಂತು?" ಎಂದ. ದನಿ ಅವನದೇ ಎನಿಸಲಿಲ್ಲ.

"ಕೊಡಾ ಬಿಡತಾರ, ಬುಳುಕ್ ಅಂತೈತಿ. ಎಷ್ಟೋ ಹೊತ್ತಾದ ಮ್ಯಾಲ ಮತ್ತ ಬಿಡತಾರ. ಅವಸರಿಲ್ಲ ಅಕಿಗೆ. ಹೆಣ್ಣ ಮಗಳ ಇರಬೇಕು."

ಸತ್ತ ತಾಯಿ ಜೀವಾಣಿ ಮರಳಿಸಲು ಬರುತ್ತಿದ್ದಾಳೆ ಎಂದು ಅವನಿಗೆ ಆ ಕ್ಷಣ ನಿಜವಾಗಿಯೂ ಅನಿಸಿತು. ಭಯವೋ, ಒಂದು ಬಗೆಯ ಸಮಾಧಾನವೋ, ಅವನಿಗೇ ತಿಳಿಯಲಿಲ್ಲ. ಅಂದಿನಿಂದ ಅವನೂ ಪೈಪಿನ ಬಾಯಿಗೆ ಕಿವಿ ಕೊಟ್ಟು ನಿಲ್ಲತೊಡಗಿದ. ಸದ್ದು ಕೇಳಿಸುತ್ತಿತ್ತು. ದಿನ ಕಳೆದಂತೆ ಕೊಡಗಳು ಬೇಗ ಬೇಗ ಇಳಿಯುತ್ತಿದ್ದವು.

ಮೂವತ್ತೊಂದನೆಯ ದಿನ ಅವನು ಕುಡಿದು ಕೆಳಗಿಟ್ಟ ತಾಮ್ರದ ತಂಬಿಗೆ ತಾನಾಗಿಯೇ ಉರುಳಿತು. ಮೆಲ್ಲಗೆ ಹೋಗಿ ಮುದುಕಿಯ ಚಾಪೆಗೆ ತಾಗಿ ನಿಂತಿತು. ಎತ್ತಿ ಆಚೆ ಗೋಡೆಯ ಬದಿಗಿಟ್ಟ. ಅಲ್ಲಿಂದಲೂ ಚಾಪೆಯ ಕಡೆಗೇ ಬಂತು.

"ದಿನಾ ಹಿಂಗೇ ಮಾಡತೈತ್ರಿ. ಏನಿಟ್ರೂ ನನ್ನ ಹಂತ್ಯಾಕ ಬರತೈತಿ" ಎಂದು ನೀಲಗಂಗವ್ವ ನಕ್ಕಳು.

ಮಾಯೆಯೆಲ್ಲ ಹಾರಿಹೋಗಿ ಜಯಕುಮಾರನೊಳಗಿನ ಓವರಸಿಯರ್ ಎಚ್ಚತ್ತ. ನೆಲ ಜಗ್ಗುತ್ತಿದೆ! "ಏಳ್ರಿ ಆಯಿ, ಗ್ವಾಡಿ ಹಿಡಕೊಂಡ ಬರ್ರಿ, ನಡುವ ಕಾಲ ಇಡಬ್ಯಾಡ್ರಿ" ಎಂದು ಅವಳ ಕೈ ಹಿಡಿದು ಹೊರಗೆ ತಂದ. ಬೇವಿನ ನೆರಳಿನಲ್ಲಿ ಅವಳನ್ನು ಕೂರಿಸಿ ಕಾಂಚನಳಿಗೂ ವೃಷಾಲಿಗೂ ಫೋನು ಹಚ್ಚಿದ. ಇಬ್ಬರೂ ಬಂದ ಮೇಲೆ ಮೂವತ್ತೆರಡು ವರ್ಷದ ಹಿಂದಿನದನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ವೃಷಾಲಿಯ ಮುಖ ಬಿಳಿಚಿತು. ಅವಳು ಕೆಲಸದವರನ್ನು ಕರೆಸಿದಳು.

ಕೆಲಸದವರು ಬಾಗಿಲಲ್ಲೇ ನಿಂತು ಉದ್ದದ ಹಾರೆಯಿಂದ ಚಾಪೆಯಿದ್ದ ಜಾಗವನ್ನು ಕುಟ್ಟಿದರು. ಎರಡನೆಯ ಪೆಟ್ಟಿಗೆ ಹಾರೆ ಕೈಬಿಟ್ಟು ಒಳಗೆ ಹೋಯಿತು. ಬಹಳ ಹೊತ್ತಾದ ಮೇಲೆ ಎಂಬಂತೆ ಕೆಳಗಿನಿಂದ ನೀರಿನ ಸದ್ದು ಬಂತು.

ಬ್ಯಾಟರಿ ಬಿಟ್ಟು ನೋಡಿದರು. ಮೂರು ಚಪ್ಪಡಿಗಳಲ್ಲಿ ಎರಡು ಇರಲೇ ಇಲ್ಲ. ಯಾವುದೋ ಮಹಾಪೂರದ ವರ್ಷ ಒಳಗೋಡೆ ಸಡಿಲಾಗಿ ಕೆಳಗೆ ಹೋಗಿದ್ದವು. ಮೇಲಿನ ಮಣ್ಣನ್ನು ಬೇವಿನ ಬೇರುಗಳು ಹೆಣೆದು ಹಿಡಿದಿದ್ದವು, ಅದರ ಮೇಲೆ ನಾಲ್ಕಿಂಚು ಗಾರೆ, ಗಾರೆಯ ಮೇಲೆ ಮುದುಕಿ. ನೀಲಗಂಗವ್ವ ಕೇಳಿದ್ದು ಕೊಡದ ಸದ್ದಲ್ಲ. ಅವಳು ಮಲಗಿದ್ದ ನೆಲವೇ ಹೆಂಟೆ ಹೆಂಟೆಯಾಗಿ ಕಳಚಿ ನೀರಿಗೆ ಬೀಳುತ್ತಿತ್ತು. ನೆಲ ತೆಳುವಾದಷ್ಟೂ ಬಾವಿಯ ತಂಪು ಮನೆಗೆ ಏರುತ್ತಿತ್ತು. ನೀರಂತೂ ಕಪ್ಪಗೆ ಕೊಳೆತು ನಾರುತ್ತಿತ್ತು. ಮೀನಿಲ್ಲ, ಕಪ್ಪೆಯಿಲ್ಲ, ಒಂದು ಹುಳವೂ ಇಲ್ಲ. ಕತ್ತಲಲ್ಲಿ ಮುಚ್ಚಿಟ್ಟ ಜೀವಗಳು ಎಂದೋ ಸತ್ತಿದ್ದವು.

ಕಾಂಚನ ಆ ತೂತನ್ನೇ ನೋಡುತ್ತಿದ್ದಳು.

"ಕಾಕಾ, ನಾವು ಇಲ್ಲಿ ಇರಾಕ ಬಂದ ದಿನಾನೂ ನಿಮಗ ಗೊತ್ತಿತ್ತೇನ್ರಿ?"

ಚಪ್ಪಡಿ ಗಟ್ಟಿಯಿದೆ ಎಂದುಕೊಂಡಿದ್ದೆ ಎನ್ನಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ.

"ಗೊತ್ತಿತ್ತವ್ವಾ" ಎಂದ.

ಅವಳು ತಾಯಿಯನ್ನು ಎಬ್ಬಿಸಿಕೊಂಡು ಹಳೆಯ ಕ್ವಾರ್ಟರ್ಸಿನ ಕಡೆ ಹೊರಟಳು. ಅವನು ನಕ್ಷೆ ತರಿಸಿ "ಭರ್ತಿ" ಎಂಬುದನ್ನು ಹೊಡೆದು, "ಬಾವಿ, ತೆರೆದಿದೆ" ಎಂದು ಬರೆದು ಸಹಿ ಮಾಡಿದ. ವಿಚಾರಣೆ ಶುರುವಾಯಿತು. ವೃಷಾಲಿ ಹನ್ನೆರಡೂ ಮನೆಗಳನ್ನು ಅರವತ್ತಡಿ ಆಚೆಗೆ ಸರಿಸಿ ಹೊಸ ನಕ್ಷೆ ಬರೆದಳು.

ನಿವೃತ್ತಿಯ ದಿನ ಜಯಕುಮಾರ ತನ್ನ ಹೆಸರಲ್ಲಿದ್ದ ಪುಸ್ತಕಗಳನ್ನು ಮರಳಿಸಲು ಗ್ರಂಥಾಲಯಕ್ಕೆ ಹೋದ. ಹನ್ನೊಂದು ವರ್ಷ ಅವನನ್ನು ಕಾಕಾ ಎಂದು ಕರೆದಿದ್ದ ಕಾಂಚನ ಪುಸ್ತಕಗಳನ್ನು ತೆಗೆದುಕೊಂಡು ಠಸ್ಸೆ ಹೊಡೆದಳು. "ಆತ್ರಿ ಸಾಹೇಬ್ರ, ಇನ್ನ ಹೋಗಬಹುದ್ರಿ" ಎಂದಳು.