ರಂಜಕದ ಡಬ್ಬಿಗೊಂದು ಕೆಂಪು ಚೌಕ

ಪರದೇಶದ ಹೋಟೆಲ್ ಕೋಣೆಯಲ್ಲಿ ಇವತ್ತು ಬೆಳಿಗ್ಗೆ ಸೂಟ್‌ಕೇಸಿನ ತಳಕ್ಕೆ ಕೈ ಹಾಕಿದೆ ನೋಡಿ, ಇಡೀ ನಮ್ಮೂರು ಬನಹಟ್ಟಿಯೇ ಎದ್ದು ಬಂದು ಮೂಗಿಗೆ ಬಡಿಯಿತು. ಮಡಿಸಿಟ್ಟ ಸೀರೆಗಳ ನಡುವೆ, ಊರಿಂದ ಹೊರಡುವಾಗ ನನ್ನ ಕಣ್ಣು ತಪ್ಪಿಸಿ, ದೊಡ್ಡವ್ವ ಒಂದು ಡಬ್ಬಿ ರಂಜಕ ತೂರಿಸಿಬಿಟ್ಟಿದ್ದಾಳೆ. ಹಣ್ಣು ಮೆಣಸಿನಕಾಯಿ ಅರೆದು ಮಾಡಿದ ನಮ್ಮ ಕಡೆಯ ಈ ಚಟ್ನಿ ಸಿಕ್ಕರೆ ನಾನು ಯಾವ ದೇಶದ ಬ್ರೆಡ್ಡನ್ನಾದರೂ ಕ್ಷಮಿಸಬಲ್ಲೆ. ಆದರೆ ನಾನು ಮಂಚದ ಮೇಲಿಂದ ಎಗರಿ ನಿಂತದ್ದು ರಂಜಕಕ್ಕಲ್ಲ. ಡಬ್ಬಿಯ ಮೇಲೊಂದು ಚೀಟಿ ಇತ್ತು. ಮೂಲೆಯ ಮೇಲೆ ನಿಂತ ಚೌಕ, ಕೆಂಪು ಅಂಚು, ಬಿಳಿಯ ಒಡಲು, ನಡುವೆ ದಪ್ಪನೆಯ ಕಪ್ಪು ಉದ್ಗಾರ ಚಿಹ್ನೆ.

ಇದು ರಾಸಾಯನಿಕದ ಡಬ್ಬಿಗಳಿಗೆ ಹಚ್ಚುವ ಎಚ್ಚರಿಕೆಯ ಗುರುತು. ತಿನ್ನುವ ಪದಾರ್ಥಕ್ಕೆ ಇದನ್ನು ಹಚ್ಚುವುದು ಶುದ್ಧ ತಪ್ಪು. ಹಾಗೆಂದು ಊರೂರು ಸುತ್ತಿ ಹೇಳಿಕೊಡುವುದೇ ನನ್ನ ಹೊಟ್ಟೆಪಾಡು! ಆದರೂ ಆ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಕೋಣೆಯಲ್ಲಿ ಎರಡು ಸುತ್ತು ಕುಣಿದೆ. ಯಾಕೆಂದು ತಿಳಿಯಬೇಕಾದರೆ ನೀವು ನನ್ನ ಜೊತೆ ಸ್ವಲ್ಪ ಬನಹಟ್ಟಿಯ ತನಕ ಬರಬೇಕು. ಜಮಖಂಡಿ ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತದೆ, ಆದ್ದರಿಂದ ಹರಟೆಗೆ ಸಮಯ ಬೇಕಾದಷ್ಟಿದೆ.

ನಾನು ಬೆಳೆದದ್ದು ದೊಡ್ಡವ್ವನ ಮನೆಯಲ್ಲಿ. ಮುಂದೆ ಮನೆ, ಹಿತ್ತಿಲಲ್ಲಿ ಬಣ್ಣದ ಮನಿ. ಓಣಿಯ ನೇಕಾರರು ತಂದ ಬಿಳಿ ನೂಲು ಅಲ್ಲಿ ಒಳಗೆ ಹೋಗಿ ಕೆಂಪೋ ಹಸಿರೋ ಆಗಿ ಹೊರಗೆ ಬರುತ್ತಿತ್ತು. ದೊಡ್ಡಪ್ಪ ತೀರಿಕೊಂಡ ಮೇಲೆ ಅದಕ್ಕೆ ದೊಡ್ಡವ್ವನೇ ಯಜಮಾನಿ, ಅವಳೇ ಕಾನೂನು. ಆ ಮನೆಯಲ್ಲಿ ಯಾವ ಡಬ್ಬಿಯೂ ಒಂದೇ ಜನ್ಮಕ್ಕೆ ಮುಕ್ತಿ ಪಡೆದದ್ದಿಲ್ಲ. ವನಸ್ಪತಿ ಡಬ್ಬಿಯಲ್ಲಿ ಕಾಸ್ಟಿಕ್ ಸೋಡಾ, ಬಿಸ್ಕೀಟಿನ ಡಬ್ಬಿಯಲ್ಲಿ ಹೈಡ್ರೋಸ್. ಬಣ್ಣದ ತೊಟ್ಟಿಗೆ ಹಾಕುವ ಈ ಹೈಡ್ರೋಸ್ ಎಂಬ ಬಿಳಿ ಪುಡಿ ಬಲು ಕೆಟ್ಟದ್ದು, ಸ್ವಲ್ಪ ತೇವ ತಗುಲಿದರೂ ತಾನೇ ಕಾದು ಹೊಗೆಯಾಡಿ ಹೊತ್ತಿಕೊಳ್ಳುತ್ತದೆ. ಡಬ್ಬಿಯ ಮೇಲೆ ಮಾತ್ರ ಬಿಸ್ಕೀಟು ಹಿಡಿದು ನಗುವ ಗುಂಡು ಮಗು.

ಇಷ್ಟಿದ್ದೂ ಆ ಹಿತ್ತಿಲಲ್ಲಿ ಒಂದೂ ಅನಾಹುತ ಆಗಲಿಲ್ಲ, ಏಕೆಂದರೆ ದೊಡ್ಡವ್ವನಿಗೆ ಮೂಗಿತ್ತು. ಎಲ್ಲರಿಗೂ ಮೂಗಿರುತ್ತದೆ ಎನ್ನಬೇಡಿ, ನಮ್ಮದೆಲ್ಲ ಕನ್ನಡಕ ಕೂಡಿಸಲು ಇರುವ ಮೂಗು. ಅವಳು ಮುಚ್ಚಳ ಎತ್ತಿ ಗಾಳಿಯನ್ನು ಕೈಯಿಂದ ಒಮ್ಮೆ ತನ್ನ ಕಡೆಗೆ ಎಳೆದುಕೊಂಡರೆ ಸಾಕು, ವಾಸನೆಯೇ ಇಲ್ಲದ ಇದು ಸೋಡಾ, ಇದು ಹೈಡ್ರೋಸ್, ಇದು ಹೋದ ವರ್ಷದ್ದು ಎಂದು ಹೇಳಿಬಿಡುತ್ತಿದ್ದಳು. ಸಾಲಿ ತಪ್ಪಿಸಿ ಕಬ್ಬು ತಿಂದು ಬಂದದ್ದನ್ನೂ ಅದೇ ಮೂಗು ಹಿಡಿಯುತ್ತಿತ್ತು, ಅದು ಬೇರೆ ದುಃಖ.

ಮುಂದೆ ನಾನು ರಸಾಯನಶಾಸ್ತ್ರ ಓದಿ, ಈ ಕೆಲಸ ಹಿಡಿದೆ. ಕೆಲಸ ಇಷ್ಟೇ: ಒಂದೇ ಡಬ್ಬಿ ಒಂದು ದೇಶದಲ್ಲಿ ವಿಷ ಎನ್ನಿಸಿಕೊಂಡು, ಗಡಿ ದಾಟಿದ ಕೂಡಲೇ ಸಾಧು ಆಗಿಬಿಡುತ್ತದೆ. ಹಾಗಾಗಬಾರದು, ಲೋಕಕ್ಕೆಲ್ಲ ಒಂದೇ ಲೆಕ್ಕದ ಅಪಾಯ, ಒಂದೇ ಗುರುತು ಇರಬೇಕು ಎಂಬ ವ್ಯವಸ್ಥೆಯೊಂದಿದೆ. ಅದನ್ನು ಒಪ್ಪಿಕೊಳ್ಳಲು ಹೊರಟ ದೇಶಗಳಿಗೆ ಹೋಗಿ, ಅಧಿಕಾರಿಗಳ ಜೊತೆ, ಕಾರ್ಖಾನೆಯವರ ಜೊತೆ ಕೂತು ದಾರಿ ತೋರಿಸುವ ತಂಡದಲ್ಲಿ ನಾನೂ ಒಬ್ಬಳು. ಹೇಳುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ದೊಡ್ಡವ್ವನಿಗೆ ಮಾತ್ರ ಜುಮ್ಮೆನ್ನಲಿಲ್ಲ.

"ದೇಶಾ ದೇಶಾ ತಿರುಗಿ ಡಬ್ಬಿಗೆ ಚೀಟಿ ಹಚ್ತಾಳ ನಮ್ಮ ಹುಡುಗಿ," ಎಂದು ಬಂದವರಿಗೆಲ್ಲ ಹೇಳುವಳು. "ಇಷ್ಟಗಲ ಡಬ್ಬಿಗೆ ಅಷ್ಟಗಲ ಚೀಟಿ. ಮೂಗಿಗಿಂತ ಮೂಗುತಿ ಭಾರ!"

ಹೋದ ಬೇಸಿಗೆಗೆ ಮುಂಚೆ ಅವಳಿಗೊಂದು ಜ್ವರ ಬಂತು. ಜ್ವರ ಹೋಗುವಾಗ ಮೂಗಿನ ಶಕ್ತಿಯನ್ನೂ ಎತ್ತಿಕೊಂಡು ಹೋಯಿತು. ಅಭಿಮಾನಿ ಹೆಂಗಸು, ಯಾರಿಗೂ ಹೇಳಲಿಲ್ಲ. ಒಂದು ದಿನ ಸಕ್ಕರೆ ಕಾರ್ಖಾನೆಯ ನೌಕರಿ ಮುಗಿಸಿ ಮಗ ಈರಣ್ಣ ಮನೆಗೆ ಬಂದರೆ, ಒಲೆಯ ಮೇಲೆ ಹಾಲು ತಳ ಹಿಡಿದು ಓಣಿಯೆಲ್ಲ ನಾರುತ್ತಿದೆ, ದೊಡ್ಡವ್ವ ಒಲೆಗೆ ಬೆನ್ನು ಹಾಕಿ ನೆಮ್ಮದಿಯಾಗಿ ಬೆಳ್ಳುಳ್ಳಿ ಸುಲಿಯುತ್ತಿದ್ದಾಳೆ. ಈರಣ್ಣ ಬಣ್ಣದ ಮನೆಯಿಂದ ಬಿಳಿ ಪುಡಿಯ ಎರಡು ಡಬ್ಬಿ ತಂದು ಮುಂದಿಟ್ಟ.

"ಇದರಾಗ ಹೈಡ್ರೋಸ್ ಯಾವುದು ಹೇಳ್ ಬೇ ಯವ್ವಾ."

ದೊಡ್ಡವ್ವ ಮೂಸಿದಳು. ಮತ್ತೆ ಮೂಸಿದಳು. ಆಮೇಲೆ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳಂತೆ.

ಈರಣ್ಣ ನನಗೆ ಫೋನ್ ಮಾಡಿದ. "ಬಣ್ಣದ ಮನಿ ಕೀಲಿ ಹಾಕ್ತೇನಿ ಅಕ್ಕಾ. ನಾ ಡ್ಯೂಟಿಗೆ ಹೋದ ಮ್ಯಾಲ ಅಕಿ ಏನರ ತಪ್ಪು ಸುರುವಿದ್ರ ಯಾರ್ ನೋಡಾವ್ರು?" ಅವನು ಹೇಳಿದ್ದು ತಪ್ಪಲ್ಲ. ಆದರೆ ಆ ಬಾಗಿಲಿಗೆ ಕೀಲಿ ಬಿದ್ದರೆ ದೊಡ್ಡವ್ವ ಎಂಬ ದೊಡ್ಡವ್ವನೇ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ರಜೆ ಹಾಕಿ, ಗುರುತಿನ ಚೀಟಿಗಳ ಕಟ್ಟು ಹಿಡಿದು ಬಸ್ಸು ಹತ್ತಿದೆ.

ಮೊದಲ ದಿನವೇ ಮಂಗಳಾರತಿ. ಬುರುಡೆಯ ಚಿತ್ರ ಕಂಡದ್ದೇ ತಡ, "ಶುಕ್ರವಾರ ಪೂಜಿ ಮಾಡೋ ಜಾಗಾಕ್ಕ ಹೆಣದ ಬುರುಡಿ ಹಚ್ತಿಯೇನ ನೀ?" ಎಂದು ಕಟ್ಟನ್ನೇ ಹೊರಗೆಸೆದಳು. ನಾನು ಆರಿಸಿಕೊಂಡು ಬಂದು ಮತ್ತೆ ಹರವಿದೆ. ಕೈ ಸುಡುವ ಚಿತ್ರ ನೋಡಿ, "ಇದು ಕಾಸ್ಟಿಕ್. ನನ್ನ ಕೈಯಾಗ ಇದರ ಕಲಿ ಅದಾವ," ಎಂದಳು. ಬೆಂಕಿಯ ಚಿತ್ರಕ್ಕೆ, "ಹೈಡ್ರೋಸಿನ ಹಣೇಬರಾ." ನನಗೆ ಉತ್ಸಾಹ ಉಕ್ಕಿತು. ಆಮೇಲೆ ಎದೆಯ ಮೇಲೆ ಬಿಳಿ ಚುಕ್ಕಿ ಒಡೆದಂತಿರುವ ಮನುಷ್ಯನ ಚಿತ್ರ ಬಂತು. ದೇಹದ ಒಳಗೇ ನಿಧಾನವಾಗಿ ಹಾನಿ ಮಾಡುವ ಪದಾರ್ಥಕ್ಕೆ ಅದನ್ನು ಹಚ್ಚುತ್ತಾರೆ. ದೊಡ್ಡವ್ವ ಅದನ್ನು ಕಣ್ಣಿಗೆ ಒತ್ತಿಕೊಂಡಳು.

"ಯಾವ ಶರಣರು ಇವರು? ಎದ್ಯಾಗ ಜ್ಯೋತಿ ಹೆಂಗ ಬೆಳಗಾಕತ್ತೈತಿ ನೋಡು!"

ನಾನು ಬಾಯಿ ತೆರೆಯುವಷ್ಟರಲ್ಲಿ ಚೀಟಿ ದೇವರ ಜಗಲಿ ಸೇರಿ, ಅದಕ್ಕೆ ವಿಭೂತಿಯೂ ಆಯಿತು. ನನಗೆ ನಕ್ಕು ನಕ್ಕು ಪಕ್ಕೆ ನೋವು ಬಂತು. ಹೋದ ಕಡೆಯಲ್ಲೆಲ್ಲ ನಾವು ಎಡವುವುದು ಈ ಚಿತ್ರದ ಮುಂದೆಯೇ. ಒಂದು ಕಡೆ ಪದಕ ಗೆದ್ದ ಸೈನಿಕ ಎಂದಿದ್ದರು, ಇನ್ನೊಂದು ಕಡೆ ಶಕ್ತಿವರ್ಧಕ ಔಷಧಿ ಎಂದಿದ್ದರು. ಚೀಟಿ ಹಚ್ಚಿದರೆ ಸಾಲದು, ಪಕ್ಕದಲ್ಲಿ ಕೂತು ಹೇಳಿಕೊಡಬೇಕು ಎಂದು ಸಭೆಗಳಲ್ಲಿ ನಾನು ಗಂಟಲು ಹರಿದುಕೊಳ್ಳುವುದು ಇದಕ್ಕೇ.

ಹಾಗೇ ಕೂತೆ. ಶರಣರ ಎದೆಯಲ್ಲಿರುವುದು ಜ್ಯೋತಿಯಲ್ಲ, ಬಿರುಕು ಎಂದು ಹೇಳಿದಾಗ ಅವಳು ಜಗಲಿಯ ಚೀಟಿಯನ್ನು ಕೈಗೆ ತೆಗೆದುಕೊಂಡು, "ಹೊರಗ ಕಾಣಂಗಿಲ್ಲ, ಒಳಗ ಒಡೀತೈತಿ. ಆತು, ತಿಳೀತು," ಎಂದಳು. ತನ್ನ ಮೂಗನ್ನು ನೆನೆದಳೋ ಏನೋ. ಅಂದಿನಿಂದ ಅವಳೇ ಚೀಟಿಯ ಪಾಠಕ್ಕೆಂದು ಬೆಳಿಗ್ಗೆ ನನ್ನನ್ನು ಬಡಿದೆಬ್ಬಿಸತೊಡಗಿದಳು. ನಗುವ ಮಗುವಿನ ಮುಖದ ಮೇಲೆ ಬೆಂಕಿಯ ಚಿತ್ರ ಹಚ್ಚುವಾಗ, "ನೀ ಇಷ್ಟು ದಿನಾ ನಕ್ಕದ್ದು ಸಾಕು," ಎಂದು ಮಗುವಿಗೇ ಗದರಿದಳು.

ಈರಣ್ಣ ಒಂದು ಶರತ್ತು ಹಾಕಿದ. ಡಬ್ಬಿಗಳನ್ನೆಲ್ಲ ತಾನು ಅದಲುಬದಲು ಮಾಡಿ ಇಡುತ್ತೇನೆ. ಅವ್ವ ಒಂದೂ ತಪ್ಪಬಾರದು. ತಪ್ಪಿದರೆ ಕೀಲಿ.

ಭಾನುವಾರ ಪರೀಕ್ಷೆ. ದೊಡ್ಡವ್ವ ಸೆರಗು ಸಿಕ್ಕಿಸಿ ಸಾಲಿನುದ್ದಕ್ಕೂ ನಡೆದಳು. ಕಾಸ್ಟಿಕ್ ಸರಿ. ಹೈಡ್ರೋಸ್ ಸರಿ. ಆ್ಯಸಿಡ್ ಸರಿ. ಕೊನೆಯ ಡಬ್ಬಿಯ ಮುಂದೆ ನಿಂತುಬಿಟ್ಟಳು. ಅದರ ಚೀಟಿಯನ್ನು ಈರಣ್ಣ ಬೇಕೆಂದೇ ಕಿತ್ತು ಹಾಕಿದ್ದ, ನನಗೂ ಹೇಳಿರಲಿಲ್ಲ. ದೊಡ್ಡವ್ವನ ಕೈ ಅಭ್ಯಾಸದಂತೆ ಮುಚ್ಚಳದ ಕಡೆಗೆ ಹೋಯಿತು. ಒಂದು ಕಾಲಕ್ಕೆ ಎತ್ತಿ ಮೂಸಿ ಹೇಳಿಬಿಡುತ್ತಿದ್ದಳು. ಕೈ ಅರ್ಧಕ್ಕೆ ನಿಂತಿತು, ಹಿಂದಕ್ಕೆ ಬಂತು.

"ಇದನ್ನ ನಾ ಮುಟ್ಟಂಗಿಲ್ಲ."

"ಯಾಕ ಬೇ?" ಎಂದ ಈರಣ್ಣ.

"ಗುರುತಿಲ್ಲ. ಗುರುತಿಲ್ಲದ್ದನ್ನ ಮುಟ್ಟಂಗಿಲ್ಲ. ಮೊದಲ ಇದು ಏನಂತ ಹೇಳು, ಆಮ್ಯಾಲ ನೋಡೋಣು."

ಈರಣ್ಣ ಕೀಲಿಕೈಯನ್ನು ಜೇಬಿನಿಂದ ತೆಗೆದು ಅವಳ ಸೊಂಟದ ಸಂಚಿಗೆ ತಾನೇ ಹಾಕಿದ. ನಾನು ಮಾತ್ರ ಹುಚ್ಚಿಯಂತೆ ಚಪ್ಪಾಳೆ ತಟ್ಟಿದೆ. ಪಕ್ಕದ ಮನೆಯ ಮಗ್ಗದವರು ಖಟ ಖಟ ನಿಲ್ಲಿಸಿ ಇಣುಕಿ ನೋಡಿದರು.

ಇವತ್ತಿನ ಸಭೆಗೆ ಮರಳೋಣ. ಈ ದೇಶದ ಹಿರಿಯ ಅಧಿಕಾರಿಯೊಬ್ಬರು ಎರಡು ದಿನದಿಂದ ಪಟ್ಟು ಹಿಡಿದಿದ್ದರು: "ನಮ್ಮ ಜನಕ್ಕೆ ನಮ್ಮ ಭಾಷೆ ಸಾಕು, ಲೋಕದ ಗುರುತು ಯಾಕೆ?" ಮಧ್ಯಾಹ್ನ ಊಟಕ್ಕೆ ನಾನು ರಂಜಕದ ಡಬ್ಬಿಯನ್ನು ಮೇಜಿನ ಮೇಲಿಟ್ಟೆ, ಏನೂ ಹೇಳಲಿಲ್ಲ. ಅವರೇ ದೊಡ್ಡ ಚಮಚ ತುಂಬಾ ತೆಗೆದರು. ಚಮಚ ತಟ್ಟೆಯ ಹತ್ತಿರ ಬಂದಾಗ ಅವರ ಕಣ್ಣು ಕೆಂಪು ಚೌಕದ ಮೇಲೆ ಬಿತ್ತು. ಚಮಚ ನಿಂತಿತು. ಅಷ್ಟನ್ನೂ ಡಬ್ಬಿಗೆ ಮರಳಿ ಸುರಿದು, ಬ್ರೆಡ್ಡಿನ ತುದಿಗೆ ಸಾಸಿವೆಯಷ್ಟು ಸವರಿಕೊಂಡು, ನನ್ನ ಮುಖ ನೋಡಿದರು. ಅವರಿಗೆ ಕನ್ನಡ ಬರುವುದಿಲ್ಲ. ನನಗೆ ಅವರ ಭಾಷೆ ಬರುವುದಿಲ್ಲ. ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು, ಅವರಿಗೆ ಆ ಸಾಸಿವೆಯಷ್ಟರಿಂದಲೂ ಬಂತು. ಊಟದ ಮೇಲೆ ಅವರು ಒಪ್ಪಿದರೆಂದು ಬರೆದರೆ ನೀವು ನಂಬುವುದಿಲ್ಲ. ಒಪ್ಪಲಿಲ್ಲ. ಆದರೆ ಮೊದಲ ಸಲ, "ಎಲ್ಲಿಂದ ಶುರು ಮಾಡಬೇಕು?" ಎಂದು ದುಭಾಷಿಯ ಮೂಲಕ ಕೇಳಿದರು. ನನ್ನ ಕಸುಬಿನಲ್ಲಿ ಅದು ಹಬ್ಬ.

ಇಲ್ಲಿ ಸಂಜೆಯಾದರೂ ಬನಹಟ್ಟಿಯಲ್ಲಿ ಇನ್ನೂ ಮಧ್ಯಾಹ್ನ. ತಡೆಯಲಾಗದೆ ದೊಡ್ಡವ್ವನಿಗೆ ಫೋನ್ ಹಚ್ಚಿ ಎಲ್ಲ ಒದರಿದೆ.

"ನಗಾಡಾಕ ಹಚ್ಚಿದ್ದೆ ಲೇ, ನೀ ಸಭಾಕ್ಕ ಒಯ್ದ್ಯಾ?" ಎಂದು ನಕ್ಕಳು. ಆಮೇಲೆ ದನಿ ತಗ್ಗಿತು. "ಖಾರಾ ನಾಲಿಗಿಗೆ ತಿಳೀತೈತಿ. ಅಂದಾಜಿನ ಮ್ಯಾಲ ಅರದೇನಿ. ವಾಸನಿ ಹೆಂಗೈತಿ, ಖರೆ ಹೇಳು."

ನಾನು ಜನ್ಮವಿಡೀ ಚೀಟಿ ಓದಿದವಳು. ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ಅವಳ ಹಾಗೆಯೇ ಗಾಳಿಯನ್ನು ಕೈಯಿಂದ ನನ್ನ ಕಡೆಗೆ ಎಳೆದುಕೊಂಡೆ.

"ಮೊದಲ ಬೆಳ್ಳುಳ್ಳಿ ಬರ್ತೈತಿ ದೊಡ್ಡವ್ವ. ಹಿಂದ ಮೆಂತ್ಯಾ, ಸ್ವಲ್ಪ ಹುರಿದದ್ದು. ಕಡೀಕ ಲಿಂಬಿ."

"ಇಂಗು?"

ಮತ್ತೆ ಮೂಸಿದೆ. ಅವಳನ್ನು ಸಮಾಧಾನ ಮಾಡಲು ಹೂಂ ಎನ್ನಬಹುದಿತ್ತು. "ಇಂಗು ಇಲ್ಲ ದೊಡ್ಡವ್ವ."

ಆ ಕಡೆ ತೊಟ್ಟಿಯಲ್ಲಿ ನೂಲು ತಿರುವುವ ಸಪ್ಪಳ ಕೇಳಿಸಿತು.

"ಹಾಕಿಲ್ಲ," ಎಂದಳು ದೊಡ್ಡವ್ವ. "ಪಾಸ್ ಆದಿ ನೀ. ಇಡು ಫೋನು, ನನ್ನ ಬಣ್ಣ ಆರ್ತೈತಿ."